ಹೊಳೆಯ ಸೀಗಡಿಗೆ ಕಡಲ ತೊಟ್ಟಿಲು

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಪಶ್ಚಿಮ ಆಫ್ರಿಕಾದ ಹೊಳೆಗಳಲ್ಲಿ ಹೆಚ್ಚುಕಡಿಮೆ ಗೇಣುದ್ದ ಬೆಳೆಯುವ ಸೀಗಡಿಗಳಿವೆ, ಅವು ಹೊಳೆಯಲ್ಲಿ ಬದುಕಿದರೂ ಅವುಗಳ ಮರಿಗಳಿಗೆ ಉಪ್ಪುನೀರು ಬೇಕು ಎಂದು ಒಂದೆರಡು ಸಾಲಿನಲ್ಲಿ ಬರೆದಿದ್ದೆ. ಅಷ್ಟಕ್ಕೇ ಬಂದ ಪತ್ರಗಳನ್ನು ನೋಡಿದರೆ ಬೆಂಗಳೂರಿನ ಮನೆಗಳಲ್ಲಿ ಸೀಗಡಿಯನ್ನು ಬಾಣಲೆಗೆ ಹಾಕುವವರಷ್ಟೇ ಗಾಜಿನ ತೊಟ್ಟಿಗೆ ಬಿಡುವವರೂ ಇದ್ದಾರೆ ಎಂದು ತೋರುತ್ತದೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಸೀಗಡಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಬೀಸಣಿಗೆಯಂಥ ಕೈಗಳಿರುವ ಆಫ್ರಿಕಾದ ನೀಲಿ ಸೀಗಡಿಗಳನ್ನು ಎರಡು ವರ್ಷಗಳಿಂದ ಸಾಕಿದ್ದೇನೆ. ಹೆಣ್ಣುಗಳು ಹೊಟ್ಟೆಯ ಕೆಳಗೆ ತತ್ತಿ ಹೊತ್ತುಕೊಳ್ಳುತ್ತವೆ. ಕೆಲವು ವಾರಗಳ ನಂತರ ತತ್ತಿಗಳು ಕಾಣೆಯಾಗುತ್ತವೆ. ಆದರೆ ಈವರೆಗೆ ಒಂದು ಮರಿಯನ್ನೂ ನೋಡಿಲ್ಲ. ಅದೇ ಅಂಗಡಿಯಿಂದ ತಂದ ಕೆಂಪು ಚೆರಿ ಸೀಗಡಿಗಳು ಪಕ್ಕದ ತೊಟ್ಟಿಯಲ್ಲಿ ನೂರಾರು ಮರಿ ಮಾಡಿವೆ. ನಲ್ಲಿಯಲ್ಲಿ ಬರುವ ಕಾವೇರಿ ನೀರಿನ ಕ್ಲೋರಿನ್ ಇದಕ್ಕೆ ಕಾರಣವೇ?
– ಓದುಗರೊಬ್ಬರು, ಜಯನಗರ

ಉತ್ತರ: ಕ್ಲೋರಿನ್ ಕಾರಣವಾಗಿದ್ದರೆ ಮೊದಲು ಸಾಯಬೇಕಾದದ್ದು ಚೆರಿ ಸೀಗಡಿ. ನಿಮ್ಮ ತೊಟ್ಟಿಯಲ್ಲಿ ಮರಿಗಳು ಹುಟ್ಟುತ್ತಿಲ್ಲ ಎಂದುಕೊಳ್ಳಬೇಡಿ. ಅವು ಹುಟ್ಟುತ್ತಿವೆ, ನಿಮಗೆ ಕಾಣುವ ಮೊದಲೇ ಸಾಯುತ್ತಿವೆ. ನೀವು ಹೇಳುವ ಸೀಗಡಿ ಆಟ್ಯಾ ಗ್ಯಾಬೊನೆನ್ಸಿಸ್ ಇರಬೇಕು. ಪಶ್ಚಿಮ ಆಫ್ರಿಕಾದ ರಭಸದ ಹೊಳೆಗಳಲ್ಲಿ ಕಲ್ಲು ಸಂದಿಗಳನ್ನು ಹಿಡಿದು ಕುಳಿತು, ಹರಿಯುವ ನೀರಿಗೆ ಕೈಯ ಬೀಸಣಿಗೆಗಳನ್ನು ಒಡ್ಡಿ, ತೇಲಿ ಬಂದ ಕಣಗಳನ್ನು ಸೋಸಿ ತಿನ್ನುವ ಜಾತಿ ಇದು. ದೊಡ್ಡದಾದ ಮೇಲೆ ಜೀವನಪೂರ್ತಿ ಸಿಹಿನೀರಿನಲ್ಲೇ ಇರುತ್ತದೆ. ಆದರೆ ತತ್ತಿಯಿಂದ ಹೊರಬರುವುದು ಸೀಗಡಿಯ ಆಕಾರದ ಮರಿಯಲ್ಲ, ಲಾರ್ವಾ. ಅದಕ್ಕೆ ನಡೆಯಲು ಬಾರದು, ತಳದಲ್ಲಿ ಕೂರಲು ಬಾರದು. ತಲೆ ಕೆಳಗಾಗಿ ನೀರಿನಲ್ಲಿ ತೂಗಾಡುತ್ತಾ ಹೊಳೆಯ ಸೆಳವಿನೊಂದಿಗೆ ಕಡಲ ಕಡೆಗೆ ಸಾಗುವುದೊಂದೇ ಅದಕ್ಕೆ ಗೊತ್ತಿರುವ ದಾರಿ. ಉಪ್ಪು ಸಿಗುವ ನೀರನ್ನು ತಲುಪದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ನಿಮ್ಮ ತೊಟ್ಟಿಯಲ್ಲಿ ಆ ಸೆಳವು ಅವನ್ನು ಒಯ್ಯುವುದು ಕಡಲಿಗಲ್ಲ, ಫಿಲ್ಟರಿನ ಸ್ಪಂಜಿಗೆ.

ಅನುಮಾನವಿದ್ದರೆ ಹೀಗೆ ಮಾಡಿ ನೋಡಿ. ತತ್ತಿಗಳ ಬಣ್ಣ ಮಾಸಿ, ಪ್ರತಿಯೊಂದರಲ್ಲೂ ಎರಡು ಕಪ್ಪು ಚುಕ್ಕೆಗಳು ಕಾಣತೊಡಗಿದ ಮೇಲೆ ಫಿಲ್ಟರನ್ನು ನಿಲ್ಲಿಸಿ, ರಾತ್ರಿ ದೀಪವಾರಿಸಿ, ತೊಟ್ಟಿಯ ಒಂದು ಮೂಲೆಗೆ ಟಾರ್ಚ್ ಹಿಡಿಯಿರಿ. ಆ ಚುಕ್ಕೆಗಳು ಒಳಗಿನ ಭ್ರೂಣದ ಕಣ್ಣುಗಳು. ತತ್ತಿ ಒಡೆದ ರಾತ್ರಿಯಾದರೆ ಬೆಳಕಿನ ಕೋಲಿನಲ್ಲಿ ಧೂಳಿನಂಥ ಚೂರುಗಳು ತುಂಬಿಕೊಳ್ಳುತ್ತವೆ. ಧೂಳಾದರೆ ಕೆಳಗಿಳಿಯಬೇಕು, ಇವು ಮಾತ್ರ ಮೆಲ್ಲಗೆ ಬೆಳಕಿನತ್ತ ಸರಿಯುತ್ತವೆ. ಬಸವನಗುಡಿಯಲ್ಲಿರುವ ಗೆಳೆಯರೊಬ್ಬರ ಮನೆಯಲ್ಲಿ ಇದನ್ನು ಮೊದಲು ನೋಡಿದಾಗ ನಾನೂ ನೀರು ಕಲಕಿದೆ ಎಂದೇ ಭಾವಿಸಿದ್ದೆ. ಭೂತಗನ್ನಡಿ ಹಿಡಿದ ಮೇಲೆ ಬಾಲ ಮೇಲೆ, ತಲೆ ಕೆಳಗೆ ಮಾಡಿಕೊಂಡು ನಿಂತ ಜೀವಗಳು ಎಂದು ತಿಳಿಯಿತು. ಮೂರನೆಯ ದಿನಕ್ಕೆ ಟಾರ್ಚಿನ ಬೆಳಕಿಗೆ ಬರಲು ಏನೂ ಉಳಿದಿರಲಿಲ್ಲ.

ಚೆರಿ ಸೀಗಡಿಯ ವಿಷಯ ಬೇರೆ. ಅದು ಪೂರ್ವ ಏಷ್ಯಾದ ಜಾತಿ, ಕಡಲಿನ ಹಂಗು ಬಿಟ್ಟಿದೆ. ಅದರ ತತ್ತಿ ಸಾಸಿವೆ ಕಾಳಿನಷ್ಟು ದಪ್ಪ, ಸಂಖ್ಯೆ ಮೂವತ್ತರ ಆಸುಪಾಸು; ಒಡೆದರೆ ತಾಯಿಯದೇ ರೂಪದ ಪುಟ್ಟ ಸೀಗಡಿ ಹೊರಬರುತ್ತದೆ. ನಿಮ್ಮ ಆಫ್ರಿಕಾದ ಸೀಗಡಿಯ ತತ್ತಿಯೋ ಗಸಗಸೆ ಕಾಳಿಗಿಂತ ದೊಡ್ಡದೇನಲ್ಲ, ಆದರೆ ಒಂದು ಬಸಿರಿಗೆ ಸಾವಿರಾರು. ತಾಯಿ ಒಂದೊಂದು ಮರಿಗೆ ಕಟ್ಟಿಕೊಟ್ಟ ಬುತ್ತಿ ಎಷ್ಟು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಭಂಡಾರ ಹೆಚ್ಚಿದ್ದರೆ ಮರಿ ತತ್ತಿಯೊಳಗೇ ಪೂರ್ತಿ ಬೆಳೆಯಬಲ್ಲದು. ಕಡಿಮೆಯಿದ್ದರೆ ಬೇಗ ಹೊರಬಂದು ತನ್ನ ಕೂಳನ್ನು ತಾನೇ ಹುಡುಕಬೇಕು. ಅಷ್ಟು ಸಣ್ಣ ಬಾಯಿಗೆ ಸಿಗುವ ಸೂಕ್ಷ್ಮಜೀವಿಗಳು ರಭಸದ ಹೊಳೆಯಲ್ಲಿ ವಿರಳ, ಅಳಿವೆಯಲ್ಲಿ ಧಾರಾಳ.

ಉಪ್ಪುನೀರಿನ ಬೇರೊಂದು ತೊಟ್ಟಿ ಕಟ್ಟಿ ಸಾಕಬಹುದೇ ಎಂದು ನೀವು ಮುಂದಿನ ಪತ್ರದಲ್ಲಿ ಕೇಳುವಿರಿ ಎಂದು ಗೊತ್ತು. ಈ ಜಾತಿಯಲ್ಲಿ ಅದು ಬಲು ಕಷ್ಟದ ಕೆಲಸ. ಅಂಗಡಿಗೆ ಬರುವವು ಬಹುಪಾಲು ಹೊಳೆಯಿಂದಲೇ ಹಿಡಿದು ತಂದವು. ಹೊಸದಾಗಿ ಕೊಳ್ಳುವ ಮುನ್ನ ಈ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ರಸೆಲ್ ಮಾರುಕಟ್ಟೆಯಿಂದ ತಂದ ಸೀಗಡಿಯನ್ನು ಸೋಸುವಾಗ ಕೆಲವು ಸಲ ತಲೆಯೊಳಗೆ ಕೇಸರಿ ಬಣ್ಣದ ಮುದ್ದೆ ಇರುತ್ತದೆ, ಮತ್ತೆ ಕೆಲವು ಸಲ ಹೊಟ್ಟೆಯ ಕೆಳಗೆ ಕೇಸರಿ ಮಣಿಗಳ ಗೊಂಚಲು ಇರುತ್ತದೆ. ಯಾವುದು ತತ್ತಿ? ತಲೆಯಲ್ಲಿರುವುದು ಹೊಟ್ಟೆಗೆ ಹೇಗೆ ಬರುತ್ತದೆ?
– ಗೃಹಿಣಿಯೊಬ್ಬರು, ಮಲ್ಲೇಶ್ವರ

ಉತ್ತರ: ಎರಡೂ ಒಂದೇ ಕಥೆಯ ಎರಡು ಅಧ್ಯಾಯಗಳು. ತಲೆಯ ಚಿಪ್ಪಿನಡಿ, ಬೆನ್ನಿನ ಕಡೆಗೆ ಇರುವುದು ಅಂಡಾಶಯ. ಬಲಿತ ಹೆಣ್ಣಿನಲ್ಲಿ ಅದು ಚಿಪ್ಪಿನ ಮೂಲಕವೇ ಕೇಸರಿಯಾಗಿ ಕಾಣುವಷ್ಟು ತುಂಬಿಕೊಂಡಿರುತ್ತದೆ. ಅದರ ಜೊತೆಯಲ್ಲೇ ಇರುವ, ಬೇಯಿಸಿದಾಗ ರುಚಿ ಕೊಡುವ ಮತ್ತೊಂದು ಮುದ್ದೆ ಯಕೃತ್ತಿನಂಥ ಜೀರ್ಣಗ್ರಂಥಿ; ಅದು ಗಂಡಿನಲ್ಲೂ ಇರುತ್ತದೆ, ಹಾಗಾಗಿ ತಲೆಯಲ್ಲಿ ಮುದ್ದೆ ಕಂಡಾಕ್ಷಣ ಹೆಣ್ಣೆಂದು ತೀರ್ಮಾನಿಸಲಾಗದು.

ಹೊಟ್ಟೆಯ ಗೊಂಚಲು ಎಲ್ಲ ಸೀಗಡಿಯಲ್ಲಿ ಸಿಗುವುದಿಲ್ಲ. ಮಾರುಕಟ್ಟೆಗೆ ಬರುವ ಕಡಲ ಸೀಗಡಿಗಳಲ್ಲಿ ಹೆಚ್ಚಿನವು, ಟೈಗರ್ ಮತ್ತು ವನ್ನಾಮಿ ಸೇರಿದಂತೆ, ತತ್ತಿಗಳನ್ನು ನೇರವಾಗಿ ನೀರಿಗೆ ಚೆಲ್ಲಿಬಿಡುತ್ತವೆ, ತಾಯಿ ಹೊರುವುದಿಲ್ಲ. ಹೊರುವುದು ಹೊಳೆಯ ಸೀಗಡಿಗಳ ಬಳಗ. ನಮ್ಮಲ್ಲಿ ಸ್ಕ್ಯಾಂಪಿ ಎಂದು ಮಾರುವ, ನೀಲಿ ಕೈಗಳ ದೊಡ್ಡ ಸೀಗಡಿ ಮ್ಯಾಕ್ರೋಬ್ರಾಕಿಯಂ ರೋಸೆನ್‌ಬರ್ಗಿ ಈ ಬಳಗದ್ದು. ಕಳೆದ ಸಂಚಿಕೆಯಲ್ಲಿ ಬರೆದ ಆಫ್ರಿಕಾದ ಮ್ಯಾಕ್ರೋಬ್ರಾಕಿಯಂ ವೋಲೆನ್‌ಹೋವೆನಿ ಅದರ ದಾಯಾದಿ. ಗುರುತು ಹಿಡಿಯಲು ಸುಲಭದ ಉಪಾಯವೊಂದಿದೆ. ಸೋಸುವ ಮೊದಲು ಹೊಟ್ಟೆಯ ಭಾಗದ ಚಿಪ್ಪಿನ ಪಟ್ಟಿಗಳನ್ನು ಪಕ್ಕದಿಂದ ನೋಡಿ. ಎರಡನೆಯ ಪಟ್ಟಿಯ ಅಂಚು ತನ್ನ ಮುಂದಿನದರ ಮೇಲೂ ಹಿಂದಿನದರ ಮೇಲೂ ಹೊದ್ದುಕೊಂಡಿದ್ದರೆ ಅದು ತತ್ತಿ ಹೊರುವ ಬಳಗ. ಮಾಡಿನ ಹೆಂಚಿನಂತೆ ಪ್ರತಿ ಪಟ್ಟಿಯೂ ಹಿಂದಿನದರ ಮೇಲಷ್ಟೇ ಕೂತಿದ್ದರೆ ಅದು ಚೆಲ್ಲುವ ಬಳಗ.

ಇನ್ನು ತಲೆಯಿಂದ ಹೊಟ್ಟೆಗೆ ಬರುವ ದಾರಿ. ಹೆಣ್ಣು ಬಸಿರಾಗುವುದು ಪೊರೆ ಕಳಚಿದ ಬೆನ್ನಿಗೇ. ಹಳೆಯ ಚಿಪ್ಪು ಕಳಚಿ ಮೈ ಇನ್ನೂ ಮೆತ್ತಗಿರುವ ಆ ಕೆಲವು ಗಂಟೆಗಳಲ್ಲಿ ಅವಳು ಯಾರಿಗಾದರೂ ತುತ್ತಾಗಬಹುದು, ಮಿಲನವೂ ಆಗಲೇ ಆಗಬೇಕು. ಉದ್ದ ಕೈಗಳ ಬಲಿತ ಗಂಡು ಅವಳನ್ನು ತನ್ನ ಕೈಗಳ ನಡುವೆ ಇರಿಸಿಕೊಂಡು ಬೇರೆ ಗಂಡುಗಳನ್ನು ದೂರವಿಡುತ್ತದೆ. ನಂತರ ಹೆಣ್ಣಿನ ಎದೆಯ ಕೆಳಗೆ, ನಡೆಗಾಲುಗಳ ನಡುವೆ, ಅಂಟಿನಂಥ ವೀರ್ಯದ ಮುದ್ದೆಯನ್ನು ಅಂಟಿಸುತ್ತದೆ. ವೀರ್ಯ ಒಳಗೆ ಹೋಗುವುದೇ ಇಲ್ಲ. ಕೆಲವು ಗಂಟೆಗಳಲ್ಲಿ ಹೆಣ್ಣು ಮೈಯನ್ನು ಬಾಗಿಸಿ, ಮೂರನೆಯ ಜೋಡಿ ನಡೆಗಾಲುಗಳ ಬುಡದಲ್ಲಿರುವ ರಂಧ್ರಗಳಿಂದ ತತ್ತಿ ಇಳಿಸುತ್ತಾಳೆ. ಅವು ಆ ಮುದ್ದೆಯನ್ನು ಸವರಿಕೊಂಡು ಸಾಗುವಾಗ ಫಲಿತವಾಗಿ, ಹೊಟ್ಟೆಯಡಿಯ ಈಜುಗಾಲುಗಳ ರೋಮಗಳಿಗೆ ಗೊಂಚಲು ಗೊಂಚಲಾಗಿ ಅಂಟಿಕೊಳ್ಳುತ್ತವೆ. ಗಂಡಿಲ್ಲದೆಯೂ ಹೆಣ್ಣು ತತ್ತಿ ಇಳಿಸಬಹುದು, ಆದರೆ ಅಂಥವು ಒಂದೆರಡು ದಿನಗಳಲ್ಲಿ ಉದುರಿಹೋಗುತ್ತವೆ.

ಅಲ್ಲಿಂದಾಚೆಗಿನ ಆರೈಕೆ ನೋಡುವಂಥದ್ದು. ತಾಯಿ ಈಜುಗಾಲುಗಳನ್ನು ಬೀಸುತ್ತಲೇ ಇದ್ದು ತತ್ತಿಗಳಿಗೆ ಗಾಳಿಯಾಡಿಸುತ್ತಾಳೆ. ಮುಂದಿನ ಸಣ್ಣ ಕೈಗಳನ್ನು ಗೊಂಚಲಿನೊಳಗೆ ತೂರಿಸಿ, ಬೂಸ್ಟು ಹಿಡಿದ ತತ್ತಿಯನ್ನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿ ತೆಗೆಯುತ್ತಾಳೆ. ಸ್ಕ್ಯಾಂಪಿಯಲ್ಲಿ 28 ಡಿಗ್ರಿ ಸೆಲ್ಸಿಯಸ್ ಬಿಸುಪಿನ ನೀರಿನಲ್ಲಿ ಇದಕ್ಕೆ ಸುಮಾರು ಮೂರು ವಾರ ಹಿಡಿಯುತ್ತದೆ. ನಿಮಗೆ ಸಿಕ್ಕ ಗೊಂಚಲು ಕೇಸರಿಯಾಗಿದ್ದರೆ ಬಸಿರು ಹೊಸದು, ಬೂದಿ ಬಣ್ಣಕ್ಕೆ ತಿರುಗಿದ್ದರೆ ಭಂಡಾರ ಕರಗಿ ಮರಿ ಹೊರಬರಲು ಒಂದೆರಡು ದಿನವಷ್ಟೇ ಬಾಕಿ ಇತ್ತೆಂದು ತಿಳಿಯಿರಿ. ತಿನ್ನಲು ಅಡ್ಡಿಯಿಲ್ಲ, ಆದರೆ ಕೊಳ್ಳುವಾಗಲೇ ಗೊಂಚಲು ಕಂಡರೆ ನಾನಂತೂ ಬೇರೆಯದನ್ನು ಆರಿಸುತ್ತೇನೆ.

ಪ್ರಶ್ನೆ: ಲಾರ್ವಾ ಕಡಲಿಗೆ ಹೋಗಲೇಬೇಕೆಂದರೆ, ಕಡಲಿನಿಂದ ನೂರಾರು ಮೈಲು ಒಳಗಿರುವ ವಿಕ್ಟೋರಿಯಾ, ಟಾಂಗನಿಕಾ ಸರೋವರಗಳಲ್ಲಿ ಸೀಗಡಿಗಳು ಹೇಗಿವೆ?
– ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ, ಯಲಹಂಕ

ಉತ್ತರ: ಒಳ್ಳೆಯ ಆಕ್ಷೇಪ. ಆಫ್ರಿಕಾದ ಸಿಹಿನೀರಿನ ಸೀಗಡಿಗಳೆಲ್ಲವೂ ಒಂದೇ ದಾರಿಯವಲ್ಲ, ಕಡಲನ್ನು ಪೂರ್ತಿ ತೊರೆದವೂ ಇವೆ. ವಿಕ್ಟೋರಿಯಾ ಸರೋವರದ ಕ್ಯಾರಿಡಿನಾ ನಿಲೋಟಿಕಾ ಎಂಬ ಪುಟ್ಟ ಸೀಗಡಿ ಹುಟ್ಟಿನಿಂದ ಸಾವಿನವರೆಗೆ ಸಿಹಿನೀರಿನಲ್ಲೇ ಇರುತ್ತದೆ. 1950ರ ದಶಕದಲ್ಲಿ ತಂದು ಬಿಟ್ಟ ನೈಲ್ ಪರ್ಚ್ ಮೀನು ಅಲ್ಲಿನ ಸಣ್ಣ ಮೀನುಗಳನ್ನು ನುಂಗಿ ಮುಗಿಸುತ್ತಾ ಬಂದ ಮೇಲೆ, ಅದರ ಎಳೆಯ ಮೀನುಗಳಿಗೆ ಮುಖ್ಯ ಆಹಾರವಾಗಿ ಒದಗಿದ್ದು ಇದೇ ಸೀಗಡಿ. ಅಷ್ಟು ತಿನಿಸಿಕೊಂಡೂ ಉಳಿಯಲು ಸಾಧ್ಯವಾದದ್ದರಲ್ಲಿ, ಮರಿ ಮಾಡಲು ಎಲ್ಲಿಗೂ ಹೋಗಬೇಕಾಗಿಲ್ಲದ ಅನುಕೂಲಕ್ಕೂ ಪಾಲಿದೆ ಎಂಬುದು ನನ್ನ ಎಣಿಕೆ. ಟಾಂಗನಿಕಾದಲ್ಲಂತೂ ಜಗತ್ತಿನಲ್ಲಿ ಬೇರೆಲ್ಲೂ ಕಾಣದ ಹತ್ತಕ್ಕೂ ಹೆಚ್ಚು ಜಾತಿಯ ಸೀಗಡಿಗಳಿವೆ.

ಕಡಲಿಗೆ ಹೋಗುವವುಗಳಲ್ಲೂ ಎರಡು ಪದ್ಧತಿಗಳಿವೆ. ಆಟ್ಯಾ ಬಳಗದವು ಸಾಮಾನ್ಯವಾಗಿ ತಾವಿದ್ದಲ್ಲೇ ಮರಿ ಬಿಟ್ಟು ಅವನ್ನು ಸೆಳವಿಗೆ ಒಪ್ಪಿಸುತ್ತವೆ. ವೋಲೆನ್‌ಹೋವೆನಿಯ ಹೆಣ್ಣು ಹಾಗಲ್ಲ: ತತ್ತಿ ಹೊತ್ತುಕೊಂಡೇ ಹೊಳೆಯ ಗುಂಟ ಅಳಿವೆಯವರೆಗೆ ಇಳಿದು ಹೋಗುತ್ತಾಳೆ. ಹೆರಿಗೆಗೆ ತವರಿಗೆ ಹೋಗುವ ರೂಢಿ ನಮಗೆ ಹೊಸದಲ್ಲವಲ್ಲ. ಅವಳೂ ಲಾರ್ವಾ ಆಗಿದ್ದಾಗ ಬೆಳೆದದ್ದು ಅಂಥದೇ ಚೌಳು ನೀರಿನಲ್ಲಿ, ಆದರೆ ಅದೇ ಅಳಿವೆಯಲ್ಲೇ ಆಗಿರಬೇಕೆಂದೇನೂ ಇಲ್ಲ. ತತ್ತಿ ಹೊತ್ತ ಹೆಣ್ಣುಗಳು ವರ್ಷದ ಬಹುಕಾಲ ಸಿಗುತ್ತವಾದರೂ ಮಳೆಗಾಲದಲ್ಲಿ ಅವುಗಳ ಸಂಖ್ಯೆ ಏರುತ್ತದೆ. ಹೊಳೆ ತುಂಬಿ ಹರಿಯುವಾಗ ಕೆಳಗಿನ ಪಯಣ ಸಲೀಸು, ಅಳಿವೆಯಲ್ಲಿ ಮೇವೂ ಹೆಚ್ಚು. ಲಾರ್ವಾಗಳು ಹಲವು ಬಾರಿ ಪೊರೆ ಕಳಚಿ ರೂಪ ಬದಲಿಸುತ್ತವೆ. ಸ್ಕ್ಯಾಂಪಿಯಲ್ಲಿ ಇಂಥ ಹಂತಗಳು ಹನ್ನೊಂದು. ಕೊನೆಗೆ ಸೀಗಡಿಯ ರೂಪ ತಳೆದು ತಳಕ್ಕಿಳಿದ ಮರಿಗಳು ಹೊಳೆಗೆ ಎದುರಾಗಿ ನಡೆಯತೊಡಗುತ್ತವೆ. ಹೆಚ್ಚಾಗಿ ರಾತ್ರಿ ಹೊತ್ತು, ಸೆಳವು ಕಡಿಮೆಯಿರುವ ದಡದ ಅಂಚನ್ನೇ ಹಿಡಿದು, ಸಾಲುಗಟ್ಟಿ ಸಾಗುತ್ತವೆ. ಒದ್ದೆ ಬಂಡೆ ಅಡ್ಡಬಂದರೆ ನೀರಿನಿಂದ ಹೊರಬಂದು ಹತ್ತಿಯೇ ದಾಟುತ್ತವೆ.

ಈ ಉಪ್ಪಿನ ಗುಟ್ಟು ಬಹುಕಾಲ ಸಾಕಣೆಗಾರರ ಕೈ ಕಟ್ಟಿಹಾಕಿತ್ತು. 1960ರ ದಶಕದ ಆರಂಭದಲ್ಲಿ ಮಲೇಷ್ಯಾದ ಪೆನಾಂಗಿನಲ್ಲಿ ಶಾವೋ ವೆನ್ ಲಿಂಗ್ ಎಂಬ ವಿಜ್ಞಾನಿ, ಸ್ಕ್ಯಾಂಪಿಯ ಲಾರ್ವಾಗಳಿಗೆ ಚೌಳು ನೀರು ಬೇಕೆಂದು ಕಂಡುಕೊಂಡ ಮೇಲೆಯೇ ಮರಿ ಉತ್ಪಾದನೆ ಸಾಧ್ಯವಾಯಿತು. ಇಂದು ಮರಿಕೇಂದ್ರಗಳಲ್ಲಿ ಕಡಲ ನೀರಿನ ಉಪ್ಪಿನ ಮೂರನೇ ಒಂದು ಭಾಗದಷ್ಟು ಉಪ್ಪಿರುವ ನೀರಿನಲ್ಲಿ ಲಾರ್ವಾಗಳನ್ನು ಬೆಳೆಸುತ್ತಾರೆ.

ಪ್ರಶ್ನೆ: ಕ್ಯಾಮರೂನ್ ದೇಶದ ಹೆಸರಿಗೂ ಸೀಗಡಿಗೂ ಸಂಬಂಧವಿದೆ ಎಂಬುದು ನಿಜವೇ?
– ರಸಪ್ರಶ್ನೆ ಪ್ರಿಯರೊಬ್ಬರು, ವಿಜಯನಗರ

ಉತ್ತರ: ನಿಜ. 15ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ನಾವಿಕರು ವೂರಿ ನದಿಯನ್ನು ‘ಸೀಗಡಿಗಳ ಹೊಳೆ’ ಎಂಬರ್ಥದಲ್ಲಿ ರಿಯೋ ದೋಸ್ ಕಮರೋಯಿಸ್ ಎಂದು ಕರೆದರು. ತಮಾಷೆಯೆಂದರೆ, ಅವರು ಕಂಡ ಜೀವಿ ಈ ಅಂಕಣದ ಸೀಗಡಿಯಲ್ಲ, ಕೆಲವು ವರ್ಷಗಳಿಗೊಮ್ಮೆ ಅಳಿವೆಯ ಕೆಸರಿನಿಂದ ಹಿಂಡು ಹಿಂಡಾಗಿ ಎದ್ದು ಬರುವ ಬಿಲವಾಸಿ ಕೆಸರುಸೀಗಡಿ ಎಂದು ತಜ್ಞರ ಅಭಿಪ್ರಾಯ.

ಪ್ರಶ್ನೆ: ಸೆನೆಗಲ್‌ನಲ್ಲಿ ಅಣೆಕಟ್ಟು ಕಟ್ಟಿದ್ದರಿಂದ ಸೀಗಡಿ ಸತ್ತು, ಅದರಿಂದ ಜನರಿಗೆ ರೋಗ ಬಂತು ಎಂದು ಓದಿದೆ. ಸೀಗಡಿಗೂ ರೋಗಕ್ಕೂ ಎಲ್ಲಿಯ ನಂಟು?
– ನಿವೃತ್ತ ಎಂಜಿನಿಯರ್ ಒಬ್ಬರು, ರಾಜಾಜಿನಗರ

ಉತ್ತರ: ನಂಟು ಇದೆ, ಆದರೆ ನೀವು ಓದಿದ ವಾಕ್ಯದಷ್ಟು ನೇರವಾಗಿಲ್ಲ. ಸೆನೆಗಲ್ ನದಿಯ ಮುಖದ ಬಳಿ, ಸೇಂಟ್ ಲೂಯಿ ಪಟ್ಟಣದಿಂದ ಸುಮಾರು 27 ಕಿಲೋಮೀಟರ್ ಮೇಲೆ, 1986ರಲ್ಲಿ ದಿಯಾಮಾ ಅಣೆಕಟ್ಟು ಮುಗಿಯಿತು. ಬೇಸಿಗೆಯಲ್ಲಿ ಕಡಲ ನೀರು ನದಿಯೊಳಗೆ ನುಗ್ಗಿ ಗದ್ದೆಗಳನ್ನು ಕೆಡಿಸುವುದನ್ನು ತಡೆಯುವುದೇ ಅದರ ಉದ್ದೇಶ, ಆ ಕೆಲಸವನ್ನು ಅದು ಮಾಡಿತು. ನೀವು ಎಂಜಿನಿಯರ್, ಇಷ್ಟು ಹೇಳಿದರೆ ಮುಂದಿನದನ್ನು ಊಹಿಸಬಲ್ಲಿರಿ: ಉಪ್ಪುನೀರು ಮೇಲೆ ಬಾರದಂತೆ ತಡೆದ ಗೋಡೆ, ತತ್ತಿ ಹೊತ್ತ ಸೀಗಡಿ ಕೆಳಗೆ ಹೋಗದಂತೆಯೂ, ಮರಿಗಳು ಮೇಲೆ ಬಾರದಂತೆಯೂ ತಡೆಯಿತು. ಗೋಡೆಯ ಮೇಲ್ಭಾಗದಲ್ಲಿ ವೋಲೆನ್‌ಹೋವೆನಿ ಬಹುಮಟ್ಟಿಗೆ ಇಲ್ಲವಾಯಿತು. ಇದ್ದ ಸೀಗಡಿಗಳನ್ನು ಯಾರೂ ಕೊಲ್ಲಬೇಕಾಗಿರಲಿಲ್ಲ. ಮುಂದಿನ ತಲೆಮಾರು ಬರುವುದು ನಿಂತರೆ ಸಾಕಲ್ಲ.

ಇನ್ನೊಂದೆಡೆ, ವರ್ಷಪೂರ್ತಿ ಸಿಹಿಯಾಗಿ, ನಿಧಾನವಾಗಿ ನಿಂತ ನೀರಿನಲ್ಲಿ, ನೀರಾವರಿ ಕಾಲುವೆಗಳಲ್ಲಿ ಜೊಂಡು ಬೆಳೆಯಿತು, ಬಸವನಹುಳುಗಳು ಮಿತಿಮೀರಿದವು. ಸ್ಕಿಸ್ಟೋಸೋಮಿಯಾಸಿಸ್ ಎಂಬ ರೋಗದ ಹುಳು ತನ್ನ ಜೀವನದ ಒಂದು ಘಟ್ಟವನ್ನು ಈ ಬಸವನಹುಳುವಿನ ಒಡಲಿನಲ್ಲಿ ಕಳೆದು, ನೀರಿಗಿಳಿದವರ ಚರ್ಮವನ್ನು ಕೊರೆದು ಮೈ ಸೇರುತ್ತದೆ. ಕಬ್ಬಿನ ಸೀಮೆಯಾದ ರಿಷಾರ್ ತೋಲ್ ಪಟ್ಟಣದಲ್ಲಿ ಅದರ ಕರುಳಿನ ಬಗೆ 1988ರಲ್ಲಿ ಕಾಣಿಸಿಕೊಂಡು ಬಹುಬೇಗ ಹರಡಿತು. ನೀರು, ಜೊಂಡು, ಕಾಲುವೆ, ದುಡಿಯಲು ಬಂದ ಜನರ ಓಡಾಟ, ಇವೆಲ್ಲವೂ ಇದರಲ್ಲಿ ಸೇರಿವೆ. ಬಸವನಹುಳುವನ್ನು ಇಷ್ಟಪಟ್ಟು ತಿನ್ನುತ್ತಿದ್ದ ಸೀಗಡಿ ಇಲ್ಲವಾದದ್ದು ಆ ಕಾರಣಗಳಲ್ಲಿ ಒಂದು. ಎಲ್ಲ ಹೊರೆಯನ್ನೂ ಸೀಗಡಿಯ ಬೆನ್ನಿಗೆ ಹೊರಿಸುವ ಬರಹಗಳನ್ನು ನಾನು ಒಪ್ಪುವುದಿಲ್ಲ.

ಒಂದು ಕಾರಣ ಎನ್ನುವುದಕ್ಕೆ ಮಾತ್ರ ಗಟ್ಟಿ ಆಧಾರವಿದೆ. ಲಾಂಪ್ಸಾರ್ ಎಂಬ ಹಳ್ಳಿಯಲ್ಲಿ ಜನ ನೀರಿಗಿಳಿಯುವ ಜಾಗಕ್ಕೆ ಬಲೆ ಕಟ್ಟಿ, ಒಳಗೆ ಸೀಗಡಿಗಳನ್ನು ಬಿಟ್ಟು, ಸೀಗಡಿ ಬಿಡದ ಮತ್ತೊಂದು ಹಳ್ಳಿಯೊಂದಿಗೆ ಹೋಲಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸೋಂಕು ಹೊತ್ತ ಬಸವನಹುಳುಗಳು ಸುಮಾರು 80 ಶೇಕಡ ಕಡಿಮೆಯಾಗಿದ್ದವು. ಜನರ ಮೈಯಲ್ಲಿನ ಹುಳುವಿನ ತತ್ತಿಗಳ ಪ್ರಮಾಣ ಸರಿಸುಮಾರು ಅರ್ಧಕ್ಕಿಳಿದಿತ್ತು. ಎರಡೂ ಕಡೆ ಜನರಿಗೆ ಔಷಧಿ ಕೊಟ್ಟಿದ್ದರು ಎಂಬುದನ್ನು ಮರೆಯಬಾರದು. ಸೀಗಡಿ ಮಾಡಿದ್ದು ಮತ್ತೆ ಸೋಂಕು ತಗಲುವುದನ್ನು ತಗ್ಗಿಸುವ ಕೆಲಸ. ಬಿಟ್ಟ ಸೀಗಡಿಗಳು ಗೋಡೆಯ ಮೇಲ್ಭಾಗದಲ್ಲಿ ತಾವಾಗಿ ವಂಶ ಬೆಳೆಸಲಾರವು, ಆದ್ದರಿಂದ ಮರಿಕೇಂದ್ರದಿಂದ ಮತ್ತೆ ಮತ್ತೆ ತಂದು ಬಿಡುತ್ತಲೇ ಇರಬೇಕು.

ಪ್ರಶ್ನೆ: ಹಾಗಾದರೆ ಈ ಸೀಗಡಿಗಳನ್ನು ತರಿಸಿ ನಮ್ಮ ಬಡಾವಣೆಯ ಕೆರೆಗೆ ಬಿಟ್ಟರೆ ಬಸವನಹುಳುಗಳ ಕಾಟ ತಪ್ಪೀತೇ?
– ಕೆರೆ ಸಮಿತಿಯ ಸದಸ್ಯರೊಬ್ಬರು, ಹೆಬ್ಬಾಳ

ಉತ್ತರ: ದಯವಿಟ್ಟು ಬೇಡ. ಹೊರದೇಶದ ಜೀವಿಯನ್ನು ಕೆರೆಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಿಷೇಧವಿದ್ದೂ ನಮ್ಮ ಕೆರೆಗಳಲ್ಲಿ ಉಳಿದುಕೊಂಡಿರುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕ್ಷಿ. ಸೆನೆಗಲ್‌ನವರು ಕೂಡ ತಮ್ಮದೇ ಹೊಳೆಯ ಜಾತಿಯತ್ತ ಒಲವು ತೋರಿದ್ದು ಇದೇ ಎಚ್ಚರದಿಂದ.

ಪ್ರಶ್ನೆ: ಸೀಗಡಿ ಸಾಕಣೆಯಲ್ಲಿ ಗಂಡುಗಳನ್ನು ಮಾತ್ರ ಹುಟ್ಟಿಸುವ ವಿದ್ಯೆ ಇದೆಯಂತೆ. ಅದು ಹೇಗೆ ಸಾಧ್ಯ, ಏಕೆ ಬೇಕು?
– ಓದುಗರೊಬ್ಬರು, ಹೆಸರಘಟ್ಟ

ಉತ್ತರ: ಏಕೆ ಎಂಬುದು ಸುಲಭ. ಸ್ಕ್ಯಾಂಪಿ ಮತ್ತು ಅದರ ದಾಯಾದಿ ವೋಲೆನ್‌ಹೋವೆನಿಯಲ್ಲಿ ಗಂಡು ಹೆಣ್ಣಿಗಿಂತ ದೊಡ್ಡದು, ಏಕೆಂದರೆ ಹೆಣ್ಣು ತಿಂದದ್ದರಲ್ಲಿ ದೊಡ್ಡ ಪಾಲನ್ನು ತತ್ತಿಗೆ ಹಾಕುತ್ತದೆ. ಜೊತೆಗೆ, ಗಂಡುಗಳನ್ನಷ್ಟೇ ಬಿಟ್ಟರೆ ತಪ್ಪಿಸಿಕೊಂಡು ಹೋದವು ಹೊಸ ನೆಲೆಯಲ್ಲಿ ವಂಶ ಹೂಡಲಾರವು.

ಹೇಗೆ ಎಂಬುದು ಸ್ವಲ್ಪ ತಿರುವಿನದು. ನಮ್ಮಲ್ಲಿ ಮಗುವಿನ ಲಿಂಗ ನಿರ್ಧಾರವಾಗುವುದು ತಂದೆಯ ವರ್ಣತಂತುವಿನಿಂದ. ಸ್ಕ್ಯಾಂಪಿಯಲ್ಲಿ ಅದು ತಾಯಿಯಿಂದ: ಗಂಡಿನಲ್ಲಿ ಎರಡೂ ಝಡ್, ಹೆಣ್ಣಿನಲ್ಲಿ ಒಂದು ಝಡ್, ಒಂದು ಡಬ್ಲ್ಯು. ಆದರೆ ಗಂಡಿನ ಮೈಯನ್ನು ಗಂಡಾಗಿ ರೂಪಿಸುವುದು ವೀರ್ಯನಾಳದ ತುದಿಗೆ ಅಂಟಿಕೊಂಡಿರುವ ಸಣ್ಣದೊಂದು ಗ್ರಂಥಿ. ಅದು ಸ್ರವಿಸುವ, ಇನ್ಸುಲಿನ್‌ನ ಹೋಲಿಕೆಯ ಹಾರ್ಮೋನು ನಿಂತರೆ ಮರಿ ಹೆಣ್ಣಾಗಿ ಬೆಳೆಯುತ್ತದೆ. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಆಮಿರ್ ಸಾಗಿ ಮತ್ತವರ ತಂಡ, ಆ ಹಾರ್ಮೋನಿನ ವಂಶವಾಹಿಯ ಬಾಯಿ ಕಟ್ಟುವ ಆರ್‌ಎನ್‌ಎ ತುಣುಕನ್ನು ಎಳೆಯ ಗಂಡುಮರಿಗಳಿಗೆ ಚುಚ್ಚಿತು. ಮರಿಯ ವಂಶವಾಹಿಯಲ್ಲಿ ಏನನ್ನೂ ಬದಲಿಸಲಿಲ್ಲ. ಹೀಗೆ ಹೆಣ್ಣಾದ ಗಂಡಿನಲ್ಲಿ ಇರುವುದು ಝಡ್‌ಗಳು ಮಾತ್ರ. ಅದನ್ನು ಸಾಮಾನ್ಯ ಗಂಡಿನೊಂದಿಗೆ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲವೂ ಗಂಡು. ಇದೇ ದಾರಿಯನ್ನು ವೋಲೆನ್‌ಹೋವೆನಿಗೂ ಹೊಂದಿಸಿ ಸೆನೆಗಲ್ ನದಿಗೆ ಗಂಡುಮರಿಗಳನ್ನೇ ಬಿಡುವ ಗುರಿಯಿಂದ, ಆ ಜಾತಿಯಲ್ಲಿನ ಇದೇ ಹಾರ್ಮೋನನ್ನು ಕುರಿತ ಅವರ ಅಧ್ಯಯನ 2014ರಲ್ಲಿ ಪ್ರಕಟವಾಗಿದೆ.

ಮನೆಯ ತೊಟ್ಟಿಯಲ್ಲಿ ಗಂಡುಹೆಣ್ಣು ಗುರುತಿಸಬೇಕೆಂದರೆ ಇಷ್ಟೆಲ್ಲ ಬೇಕಿಲ್ಲ. ಕಳಚಿ ಬಿದ್ದ ಪೊರೆಯನ್ನು ತಟ್ಟೆಯ ನೀರಿನಲ್ಲಿ ಅಂಗಾತ ಹರಡಿ, ಎರಡನೆಯ ಜೋಡಿ ಈಜುಗಾಲನ್ನು ಭೂತಗನ್ನಡಿಯಲ್ಲಿ ನೋಡಿ. ಒಳಬದಿಯಲ್ಲಿ ಕಡ್ಡಿಯಂಥ ಎರಡು ಚಾಚುಗಳಿದ್ದರೆ ಗಂಡು, ಒಂದೇ ಇದ್ದರೆ ಹೆಣ್ಣು. ಸೀಗಡಿಯನ್ನು ಮುಟ್ಟಬೇಕಾದ ಅಗತ್ಯವೂ ಬೀಳುವುದಿಲ್ಲ.